ನಲವತ್ತೆಂಟರಿಂದ ಎಪ್ಪತ್ತೈದು

ಗುತ್ತಲು ರಸ್ತೆಯ ಮನೆ, ಮೆಟ್ಟಿಲ ಕೆಳಗಿನ ಕೋಣೆ.
ಅಕ್ಕಿ ಡಬ್ಬದ ಪಕ್ಕ ಮೇಜು, ಮೇಜಿಗೆ ಬೋಲ್ಟು ಹಾಕಿದ
ಆಟದ ಸ್ಟಿಯರಿಂಗು.
ಹಿಂದೆ ಬೋರಲಿಂಗಯ್ಯ, ಮಂಡ್ಯ ಡಿಪೋ, ಮೂವತ್ತೊಂದು ವರ್ಷ.
ಕೊನೆಯ ಎರಡು ಕಣ್ಣಿನ ಡಾಕ್ಟರು ಕೂರಿಸಿದ ಕುರ್ಚಿಯಲ್ಲಿ.

"ನೋಡು ಮಗಾ, ನೆಟ್ಟಗೆ ಓಯ್ತಾ ಇರ್ತದೆ,
ತಿರುವಲ್ಲಿ ಒಸಿ ಎಳುದ್ರೆ ಸಾಕು
ರಸ್ತೆ ಸೊಂಟ ಮುರ್ಕತದೆ."

ನಿಜ. ಲೈಟುಕಂಬದ ತಲೆ ಒಂದು ಕಡೆ, ಬುಡ ಇನ್ನೊಂದು ಕಡೆ,
ನಡುವೆ ಬ್ಲೇಡು ಎಳೆದ ಹಾಗೆ ಅಡ್ಡಗೆರೆ.
"ನನ್ ಕಣ್ಣೇ ಅಂದ್ಕಂಡಿದ್ದೆ," ಅಂದರು,
ಅಡುಗೆಮನೆಗೆ ಕೇಳದ ಹಾಗೆ.

ಕಣ್ಣಲ್ಲ ದೊಡ್ಡಪ್ಪ.
ಪರದೆ ಸೆಕೆಂಡಿಗೆ ಎಪ್ಪತ್ತೈದು ಸಲ
ಯಾರ ಮುಖವನ್ನೂ ನೋಡದೆ ತನ್ನ ಪಾಡಿಗೆ ಬಳಿಯುತ್ತದೆ.
ಚಿತ್ರ ಬರೆಯುವ ಕಾರ್ಡಿಗೆ
ಗದ್ದೆಬಯಲು ಬಂದರೆ ಸಲೀಸು, ಪೇಟೆ ಬಂದರೆ ಏದುಸಿರು.
ಅದು ಅರ್ಧ ಬರೆದಿರುವಾಗಲೇ ಇದು...

ಅವರು ಕೈ ಎತ್ತಿದರು.
"ತಿಳೀತು ಬುಡು.
ಪಾಸಿಂಜರು ಒಂದು ಕಾಲು ಮೆಟ್ಲ ಮ್ಯಾಲೆ ಮಡಗವ್ಳೆ,
ಕಂಡಕ್ಟ್ರು ರೈಟ್ ಅಂದ್ಬುಟ್ಟ."

ಇಷ್ಟು ಚೆನ್ನಾಗಿ
ಯಾವ ಕಂಪನಿಯ ಪುಸ್ತಕದಲ್ಲೂ ನಾನು ಓದಿಲ್ಲ.

ನನಗಿಂತ ಮುಂಚೆ ಬಂದವನು ವಿ-ಸಿಂಕ್ ಹಾಕಿ ಹೋಗಿದ್ದನಂತೆ.
ಹರಿಯುವುದು ನಿಂತಿತು, ಆದರೆ
ಸ್ಟಿಯರಿಂಗು ತಿರುಗಿಸಿದ ಮೇಲೆ ಬಸ್ಸು
ಯೋಚನೆ ಮಾಡಿ ತಿರುಗುತ್ತಿತ್ತು.
ಒಂದು ತಪ್ಪಿಸಿಕೊಂಡವರು ಮುಂದಿನದಕ್ಕೇ ಕಾಯಬೇಕು.
ಮೂರು ದಿನ ಸಹಿಸಿ ಇವರೇ ತೆಗೆದುಹಾಕಿದರು.

ಮಾನಿಟರಿನ ಬೆನ್ನು ತಡಕಿದೆ, ಸೆಕೆಂಡ್ ಹ್ಯಾಂಡ್ ಮಾಲು,
ಐದರಲ್ಲಿ ಒಂದು ಗುಂಡಿ ಒಳಗೆ ಕೂತುಬಿಟ್ಟಿದೆ.
ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು:
ಅಡಾಪ್ಟಿವ್ ಸಿಂಕ್, ಆಫ್.
ಕಾರ್ಖಾನೆಯಿಂದಲೇ ಮಲಗಿಸಿ ಕಳಿಸಿದ್ದಾರೆ. ಎಬ್ಬಿಸಿದೆ.
ಇದ್ದ ಕೇಬಲ್ಲಿಗೆ ಆ ಮಾತು ಬಾರದು,
ಬ್ಯಾಗಿನಿಂದ ಡಿಸ್ಪ್ಲೇ ಪೋರ್ಟಿನದು ತೆಗೆದು
ಟಕ್ ಅನ್ನುವ ತನಕ ಒತ್ತಿದೆ.
ಪರದೆ ಕಪ್ಪಾಯಿತು.
"ಸುಟ್ಟೋಯ್ತಾ?" ಒಳಗಿನಿಂದ ದೇವೀರಮ್ಮ,
ಸ್ವಲ್ಪ ಆಸೆಯಿಂದಲೇ.

ಸುಡಲಿಲ್ಲ. ಕಾರ್ಡಿನ ಕಡೆಯೂ ಒಂದು ಟಿಕ್ಕು.
ಇಬ್ಬರೂ ಒಪ್ಪದೆ ಈ ಸಂಬಂಧ ನಡೆಯದು.
ಓಟಕ್ಕೆ ಎಪ್ಪತ್ತೆರಡರ ಕಡಿವಾಣ ಹಾಕಿ
ಮೂಲೆಯಲ್ಲಿ ಸಣ್ಣದಾಗಿ ಅಂಕಿ ಕಾಣುವಂತೆ ಇಟ್ಟೆ.

ಬಸ್ಸು ಹೊರಟಿತು. ಎಪ್ಪತ್ತೊಂದು. ಅರವತ್ತನಾಲ್ಕು.
ತಿರುವು ಬಂತು, ಐವತ್ತೆರಡು,
ಕಂಬ ನಿಂತಲ್ಲೇ ನಿಂತು, ಇಡಿಯಾಗಿ,
ಗಾಜಿನ ಮೇಲೆ ಹಾದು ಹೋಯಿತು.
ಬೋರಲಿಂಗಯ್ಯ ಏನೂ ಅನ್ನಲಿಲ್ಲ.
ಇಲ್ಲದ ಗೇರಿಗೆ ಎಡಗೈ ಮಾತ್ರ ಹೋಗಿ ಬಂತು.

"ಎಷ್ಟೊತ್ತು ಕಾಯ್ತದೆ ಇದು?"
ನಲವತ್ತೆಂಟರ ತನಕ. ಅದಕ್ಕೂ ನಿಧಾನವಾದರೆ ಕಾಯೋದಿಲ್ಲ.
"ನ್ಯಾಯ. ಡಿಪೋಗೆ ಟೈಮ್ ಒಪ್ಪುಸ್ಬೇಕಲ್ಲ."

ಬಸರಾಳಿನ ಸ್ಟಾಪು, ಪಿಯುಸಿ ಗಣಿತದ ಬೆಳಿಗ್ಗೆ,
ಚಪ್ಪಲಿ ಕೈಯಲ್ಲಿ ಹಿಡಿದು ನಾನು ಓಡಿದ್ದೆ.
ಕೆಂಪು ಬಸ್ಸಿನ ಬೆನ್ನು. ಧೂಳು.
ಕನ್ನಡಿಯಲ್ಲಿ ಎರಡು ಕಣ್ಣು ನನ್ನನ್ನು ಕಂಡವು,
ಕಂಡು ಗೇರು ಬದಲಿಸಿದವು.
ಯಾರ ಕಣ್ಣೋ. ಡಿಪೋ ತುಂಬ ಡ್ರೈವರುಗಳು.
ಕೇಳಲಿಲ್ಲ. ಮುನ್ನೂರು ತಗೊಂಡೆ, ಕೇಬಲ್ಲಿನದು ಬೇರೆ.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿದೆ.
ಆಟದೊಳಗೆ, ಯಾರೂ ಇಲ್ಲದ ಒಂದು ಸ್ಟಾಪಿನಲ್ಲಿ
ಬಸ್ಸು ನಿಲ್ಲಿಸಿದ್ದಾರೆ, ಬಾಗಿಲು ತೆಗೆದಿದ್ದಾರೆ,
ಎಡಗನ್ನಡಿಯನ್ನೇ ನೋಡುತ್ತಿದ್ದಾರೆ.
ಅರವತ್ತೊಂದು.
ಅರವತ್ತು.
ಐವತ್ತೆಂಟು.