ನಡಾವಳಿ ಪುಸ್ತಕದ ಖಾಲಿ ಸಾಲು

ವಿಷಯ: ಅರಸೀಕೆರೆ ಜಂಕ್ಷನ್ನಿನ ಪಕ್ಕ
ಹಳೇ ಗೂಡ್ಸ್ ಷೆಡ್ಡಿನ ಜಾಗದಲ್ಲಿ
ಇಪ್ಪತ್ತೆರಡು ಅಂತಸ್ತು ಎಬ್ಬಿಸುವ ಬಗ್ಗೆ
ಸಾರ್ವಜನಿಕರ ಅಹವಾಲು.
ಸಮಯ ಹನ್ನೊಂದು. ಶುರುವಾದದ್ದು ಹನ್ನೆರಡೂ ಕಾಲಿಗೆ.
ಸಹಿ ನೂರಾ ನಾಲ್ಕು, ಹೆಬ್ಬೆಟ್ಟು ಒಂಬತ್ತು.
ಬರೆದುಕೊಳ್ಳಲು ನಾನು.

ಮೇಜಿನ ಮೇಲೆ ಥರ್ಮಾಕೋಲಿನ ನಮ್ಮೂರು.
ಕಟ್ಟಡ ನನ್ನ ಮೊಣಕೈಯಷ್ಟು ಎತ್ತರ,
ಸ್ಟೇಷನ್ನು ಬೆಂಕಿಪೊಟ್ಟಣ.
ಪ್ಲಾಟ್‌ಫಾರಮ್ಮಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಜನ;
ಒಬ್ಬರ ಕೈಯಲ್ಲೂ ಗಂಟಿಲ್ಲ, ಚೀಲವಿಲ್ಲ,
ಕಂಕುಳಲ್ಲಿ ಮಗುವಿಲ್ಲ.
ರೈಲಿಗೆ ಬಂದವರಂತೆ ಕಾಣಲಿಲ್ಲ.

ಮೊದಲು ಎದ್ದವರು ಕೊಬ್ಬರಿ ಮಂಡಿಯ ಷಡಕ್ಷರಪ್ಪ.
"ಎಷ್ಟು ದಿನ ಸ್ವಾಮಿ, ನಮ್ಮೂರು ಅಂದ್ರೆ
ಗಾಡಿ ಬದಲಾಯಿಸೋ ಊರು?
ಇಳೀತಾರೆ, ಎಳನೀರು ಕುಡೀತಾರೆ,
ಬುರುಡೆ ಎಸೆದು ಹತ್ತಿ ಹೋಗ್ತಾರೆ.
ಒಂದು ರಾತ್ರಿ ಉಳಿಯೋ ಹಂಗೆ ಏನಾದ್ರೂ ಕಟ್ಲಿ ಬಿಡಿ."
ಚಪ್ಪಾಳೆ. ಬರೆದೆ: ಪರವಾಗಿ, ಒಂದು.

ಆಮೇಲೆ ದಸ್ತಗೀರ್ ಸಾಹೇಬರು.
ಮೂವತ್ತೊಂದು ವರ್ಷ ಪಾಯಿಂಟ್ಸ್‌ಮನ್.
ಕಲ್ಲಿನ ಕಮಾನು, ಹಳೇ ಗಂಟೆ, ಅಜ್ಜನ ಕಾಲ
ಅಂತೇನೋ ಹೇಳುತ್ತಾರೆಂದು ಎಲ್ಲರೂ ಕಾದರೆ
ಅವರು ಗಾಳಿಯ ಮಾತೆತ್ತಿದರು.
"ತೆಂಕಲಿಂದ ಬೀಸೋವಾಗ
ಹಾಸನದ ಗಾಡಿ ಹಬ್ಬನಘಟ್ಟ ಬಿಟ್ಟಿದ್ದು
ಕಿವಿಗೇ ಗೊತ್ತಾಗ್ತಿತ್ತು ನಂಗೆ, ಫೋನಿಗಿಂತ ಮುಂಚೆ.
ಅಷ್ಟೆತ್ತರ ಗೋಡೆ ನಿಂತ್ರೆ ಆ ಗಾಳಿ ಎತ್ಲಾಗ್ ಹೋಗ್ತದೆ?"
ಎಂಜಿನಿಯರು ಹೇಳಿದರು, ಸಿಗ್ನಲ್ಲು ಈಗೆಲ್ಲಾ ಎಲೆಕ್ಟ್ರಾನಿಕ್ಕು.
"ಗೊತ್ತು ಸ್ವಾಮಿ. ನಾನು ಕೇಳಿದ್ದು ಗಾಳೀನ."

ಹೈಸ್ಕೂಲಿನ ಇಂದುಧರ ಮೇಷ್ಟ್ರು
ಮಕ್ಕಳ ಕೈಲಿ ಕೋಲು ನೆಡಿಸಿ, ನೆರಳು ಅಳೆಸಿ,
ಲೆಕ್ಕ ಹಾಕಿಕೊಂಡೇ ಬಂದಿದ್ದರು:
ಮಾಗಿಯ ಸಂಜೆ ನಾಲ್ಕಕ್ಕೆ
ಮೂರೂ ಪ್ಲಾಟ್‌ಫಾರಮ್ಮಿಗೆ ಕತ್ತಲು.
"ನೆರಳಿಗೂ ತಕರಾರಾ ಮೇಷ್ಟ್ರೇ?"
ಹಿಂದಿನ ಸಾಲಿಂದ ವಡೆ ಮಾರುವ ಚೂಡಾಮಣಿ.
"ಏಪ್ರಿಲ್ಲಲ್ಲಿ ನನ್ನ ತಗಡಿನ ಕೆಳಗೆ
ಒಂದು ಗಂಟೆ ನಿಂತು ನೋಡಿ, ಎಣ್ಣೇನೇ ಬೇಡ, ವಡೆ ಬೇಯ್ತದೆ."
ಸಭೆಯೆಲ್ಲಾ ನಗು.
ಅವಳು ಕೂರಲಿಲ್ಲ.
"ಬೀಳೋ ನೆರಳಲ್ಲಿ ನನ್ನ ನಿಲ್ಲೋಕೆ ಬಿಡ್ತಾರಾ?
ಅದನ್ನ ಬರೆದು ಕೊಡಿ."
ಪರವೋ ವಿರೋಧವೋ ತಿಳಿಯದೆ
ನನ್ನ ಪೆನ್ನು ಒಂದು ಚುಕ್ಕೆಯಾಗಿ ಊರಿತು.

ಹನುಮಕ್ಕನ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು.
"ನೀವು ಉಳಿಸ್ಬೇಕು ಅಂತೀರಲ್ಲ, ಸ್ಟೇಷನ್ನು,
ಅದು ಕಟ್ಟೋವಾಗ ನಮ್ಮ ಮುತ್ತಾತನ ಹುಣಸೆ ತೋಪು ಕಡಿದ್ರಂತೆ.
ಆವಾಗ ಕುರ್ಚಿ ಹಾಕಿ ಯಾರೂ ಕೇಳ್ಲಿಲ್ಲ.
ಈಗ ಕೇಳ್ತಿದೀರ, ಸಂತೋಷ.
ಹೆಬ್ಬೆಟ್ಟು ಎಲ್ಲಿಗೆ ಒತ್ತಬೇಕು ತೋರ್ಸವ್ವ."
ತೋರಿಸಿದೆ.
ಶಾಯಿಯನ್ನು ಸೆರಗಿಗಲ್ಲ, ತಲೆಗೂದಲಿಗೆ ಒರೆಸಿಕೊಂಡಳು.

ಕೊನೆಗೆ ಬೆಂಗಳೂರಿನ ವಾಸ್ತುಶಿಲ್ಪಿ, ಕಪ್ಪು ಅಂಗಿ,
ಕೈಯಲ್ಲಿ ಲೇಸರ್ ಕಡ್ಡಿ.
"ಈ ಕಟ್ಟಡ ನಿಮ್ಮ ಪರಂಪರೆಯ ಜೊತೆ—"

ಆಗ ಗಾಡಿ ಬಂತು.
ನಿಲ್ಲದ ಗಾಡಿ, ಐವತ್ತೆಂಟು ವ್ಯಾಗನ್.
ಕಿಟಕಿ ಗಾಜು, ನೀರಿನ ಲೋಟ, ಥರ್ಮಾಕೋಲು,
ಎಲ್ಲಕ್ಕೂ ಸಣ್ಣ ನಡುಕ.
ಬೈಯುತ್ತಿದ್ದವರು ಬೈಗುಳದ ನಡುವೆ ನಿಂತರು,
ಷಡಕ್ಷರಪ್ಪ ಎತ್ತಿದ ಬೆರಳನ್ನು ಎತ್ತಿದಂತೆಯೇ ಇಟ್ಟರು.
ನಮ್ಮೂರಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ.
ತೊಟ್ಟಿಲ ಕೂಸೂ
ಅಳುವನ್ನು ಅರ್ಧಕ್ಕೆ ಹಿಡಿದು, ಆಮೇಲೆ ಮುಂದುವರಿಸುತ್ತದೆ.

ಅವರೊಬ್ಬರೇ ಮಾತಾಡುತ್ತಿದ್ದರು.
ತುಟಿ ಆಡುತ್ತಿತ್ತು,
ಕೆಂಪು ಚುಕ್ಕೆ ಹತ್ತೊಂಬತ್ತನೇ ಅಂತಸ್ತಿನಲ್ಲಿ ಓಡಾಡುತ್ತಿತ್ತು.
ಪರದವರೂ ವಿರೋಧದವರೂ
ಒಂದೇ ಥರ ಅವರನ್ನು ನೋಡಿದರು,
ಬೇರೆ ಊರಿನವರನ್ನು ನೋಡುವ ಹಾಗೆ.

ಸಾಯಂಕಾಲ ಶುದ್ಧಪ್ರತಿ ಒಯ್ದೆ.
ಸಾಹೇಬರು ಪುಟ ಮಗುಚಿ ಕೇಳಿದರು:
"ಇಲ್ಲೊಂದು ಸಾಲು ಖಾಲಿ ಬಿಟ್ಟಿದ್ದೀಯಲ್ಲ?"

ಗಾಡಿ ಹೋಯ್ತು ಸಾರ್, ಅಂದೆ.

ಅವರದ್ದೂ ಇದೇ ಊರು.
ಸಹಿ ಹಾಕಿದರು.