ಆರೂವರೆ

ನನ್ನದು ರಾತ್ರಿ ಪಾಳಿ, ನೆಲಮಾಳಿಗೆ, ಕಿಟಕಿಯಿಲ್ಲ.
ಗೋಡೆಯೊಳಗಿನ ಕೊಳವೆಯಲ್ಲಿ ಗಾಳಿ ಉಸ್ಸೆಂದು
ಮೇಲಿನಿಂದ ರಕ್ತ ಇಳಿಸುತ್ತದೆ,
ನಾನು ಅಂಕಿ ಹತ್ತಿಸುತ್ತೇನೆ.
ಮುಖ ನೋಡುವುದು ನನ್ನ ಕೆಲಸವಲ್ಲ.

ಎವರಿಸ್ತೋ ಚೋಕ್ ಎಂಬುವನು
ವಾರಕ್ಕೊಮ್ಮೆ, ಕೆಲವು ಸಲ ಐದೇ ದಿನಕ್ಕೆ,
ಇನ್ನೂ ಬೆಚ್ಚಗಿರುವ ಒಂದು ನಳಿಕೆಯಾಗಿ
ನನ್ನ ಅಂಗೈಗೆ ಬರುತ್ತಿದ್ದ.
ಹುಟ್ಟಿದ ದಿನ ಅಂದಾಜು. ವಿಳಾಸ ಚರ್ಚಿನದು.
ವಿಮೆಯ ಜಾಗದಲ್ಲಿ ಒಂದು ಗೀಟು.

ಎರಡೂ ಕಿಡ್ನಿ ಕೆಟ್ಟವರ ರಕ್ತವನ್ನು
ವಾರಕ್ಕೆ ಮೂರು ಸಲ ಯಂತ್ರ ತೊಳೆಯಬೇಕು,
ಇದು ವೈದ್ಯಶಾಸ್ತ್ರ.
ಕಾಗದವಿಲ್ಲದವನಿಗೆ ಸಾಯುವ ಹೊತ್ತಿಗೆ ಮಾತ್ರ,
ಇದು ನಮ್ಮ ಆಸ್ಪತ್ರೆ.
ಸಾಯುವ ಹೊತ್ತೆಂದರೆ ಎಷ್ಟು ಹೊತ್ತು?
ಪೊಟ್ಯಾಸಿಯಂ ಆರೂವರೆ.
ಅಷ್ಟಾದರೆ ಹಾಸಿಗೆ.
ಆರೂಕಾಲಾದರೆ ಒಂದು ಕಂಬಳಿ, ಒಂದು "ನಾಳಿದ್ದು ಬಾ".
ಮೊಣಕಾಲವರೆಗೂ ಊದಿದ ಎರಡು ಕಾಲಿದ್ದೂ
ಎಷ್ಟೋ ರಾತ್ರಿ ಅವನಿಗೆ ಒಂದು ಕಾಲು ಕಮ್ಮಿ.

ಹನ್ನೊಂದು ವರ್ಷ ಕಿತ್ತಳೆ ಕಿತ್ತವನು,
ರಿಯೊ ಗ್ರಾಂಡೆಯ ಈಚೆ ದಡದ ತೋಟಗಳಲ್ಲಿ,
ಬೇರೆ ಯಾರದೋ ನಂಬರಿಗೆ ತೆರಿಗೆ ಕಟ್ಟುತ್ತ.
ಕಿಡ್ನಿ ಹೋದ ದಿನ ಹೇಳಿದ್ದರು:
ಕಿತ್ತಳೆ ಮುಟ್ಟಬೇಡ, ನಿನಗದು ವಿಷ.
ಈಗ ಪಾರ್ಕಿಂಗಿನ ಮೂಲೆಯಲ್ಲಿ ಟ್ರಕ್ಕಿನ ಬಾಗಿಲು ತೆರೆದು
ಹೆಂಡತಿ ಮತಿಲ್ದೆ ಸುಲಿದು ಕೊಡುತ್ತಾಳೆ.
ಒಂದು. ಎರಡು.
ಮೂರನೆಯದಕ್ಕೆ ಅವಳ ಹೆಬ್ಬೆರಳು ಸಿಪ್ಪೆಯಲ್ಲೇ ನಿಲ್ಲುತ್ತದೆ.
ತೊಳೆ ತಿಂದರಷ್ಟೇ ತೊಳೆಯುತ್ತಾರೆ.
ಬಾಗಿಲು ತೆಗೆಸಲು ಎಷ್ಟು ತೊಳೆ, ಎದೆ ನಿಲ್ಲಿಸಲು ಎಷ್ಟು?
ಕಾವಲಿನ ಲಾಮಾರ್ ಬೆಳಗಿನ ಮುಂಚೆ ಸಿಪ್ಪೆ ಗುಡಿಸುತ್ತಾನೆ.
ಏನೂ ಕೇಳುವುದಿಲ್ಲ.

ಇದೆಲ್ಲ ನನಗೆ ಹೇಳಿದ್ದು ನರ್ಸ್ ದೆಲ್ಫಿನಾ, ಸಿಗರೇಟಿನ ಹೊತ್ತಿನಲ್ಲಿ.
ನಾನು ಒಮ್ಮೆ ಮೀಟಿಂಗಿನಲ್ಲಿ ಕೇಳಿದೆ:
ಮೂರು ಸಲ ತೊಳೆಯುವುದಕ್ಕಿಂತ
ಒಂದು ಸಲ ಸಾವಿನಿಂದ ಎಳೆದು ತರುವುದಕ್ಕೇ ಖರ್ಚು ಜಾಸ್ತಿಯಲ್ಲವೆ?
ಹೌದು, ಅಂದರು ಲೆಕ್ಕದವರು, ಬೇಸರವಿಲ್ಲದೆ.
ಮತ್ತೆ?
"ಬಾಗಿಲು ತೆರೆದಿದೆ ಅಂತ ಊರಿಗೆಲ್ಲ ಗೊತ್ತಾಗಬಾರದಲ್ಲ."
ಬಿಸ್ಕತ್ತಿನ ತಟ್ಟೆ ನನ್ನ ಕಡೆಗೂ ಬಂತು. ತೆಗೆದುಕೊಂಡೆ.

ಫೆಬ್ರವರಿಯ ಒಂದು ರಾತ್ರಿ, ಆರು ಪಾಯಿಂಟ್ ಮೂರು.
ಇನ್ನೊಮ್ಮೆ ಓಡಿಸಿದೆ. ಮೂರೇ.
ನಮ್ಮ ಕಸುಬಿನವರಿಗೆಲ್ಲ ಗೊತ್ತು:
ನಳಿಕೆಯನ್ನು ಜೋರಾಗಿ ಕುಲುಕಿದರೆ
ಕೆಂಪುಕಣ ಒಡೆದು ಒಳಗಿನ ಉಪ್ಪು ಹೊರಗೆ ಚೆಲ್ಲುತ್ತದೆ,
ಅಂಕಿ ಏರುತ್ತದೆ.
ಮೊದಲ ವರ್ಷವೇ ಕಲಿಸುತ್ತಾರೆ, ಮಾಡಬಾರದ್ದೆಂದು.
ಇಪ್ಪತ್ತೆರಡು ವರ್ಷದಲ್ಲಿ ನಾನು ಸುಳ್ಳು ಅಂಕಿ ಕಳಿಸಿದವಳಲ್ಲ.
ಒಂದು ಸುಳ್ಳಾದರೆ
ನಾಲ್ಕನೇ ವಾರ್ಡಿನ ಮಗುವಿನ ಅಂಕಿಯನ್ನು ಯಾರು ನಂಬುತ್ತಾರೆ?
ಯಂತ್ರ ಇದ್ದದ್ದು ಎರಡು. ಅವನ ಹಿಂದೆ ಒಬ್ಬ ಮುದುಕಿ.
ನಳಿಕೆ ನನ್ನ ಮುಷ್ಟಿಯಲ್ಲಿ ತಣ್ಣಗಾಯಿತು.
ಇದ್ದದ್ದನ್ನು ಇದ್ದಹಾಗೆ ಕಳಿಸಿದೆ.

ಬೆಳಿಗ್ಗೆ ಗಡಿಯಾರದಲ್ಲಿ ಆರೂವರೆ
ಆದಾಗ ಅವನ ರಕ್ತ ಮತ್ತೆ ಬಂತು.
ಎಂಟು ಪಾಯಿಂಟ್ ಒಂದು.
ಮೊದಲ ಸಲ ಮೆಟ್ಟಿಲು ಹತ್ತಿ ಹೋದೆ.
ನಾಲ್ಕು ನಿಮಿಷ ಎದೆ ಆರಿ, ಮತ್ತೆ ಹತ್ತಿತ್ತು.
ಗಿಡ್ಡ ಮನುಷ್ಯ. ಉಗುರಿನ ಸಂದಿಯಲ್ಲಿ ಹಳದಿ.
ಬದುಕಿದ್ದಾನೆ.
ಮಗಳ ಹೆಸರು ಮಾತ್ರ ಈಗ ಮತಿಲ್ದೆ ಹೇಳಿಕೊಡಬೇಕು.

ನಾನು ತಪ್ಪು ಮಾಡಲಿಲ್ಲ.
ಕಡತದಲ್ಲಿ ಹಾಗೇ ಇದೆ.

ಆಮೇಲಿಂದ ನನ್ನ ಬಲಗೈಗೆ ನಡುಕ.
ಕೆಲವು ಹೆಸರಿನ ನಳಿಕೆ ಹಿಡಿದಾಗ
ಹೆಚ್ಚು.
ವಯಸ್ಸಿನದು, ಅಂದರು ಡಾಕ್ಟರ್ ಪ್ರೂಯಿಟ್.
ನನಗೆ ವಿಮೆಯಿದೆ, ಮಾತ್ರೆ ಬರೆದುಕೊಟ್ಟರು.
ಡ್ರಾಯರಿನಲ್ಲಿದೆ.
ಇನ್ನೂ ನುಂಗಿಲ್ಲ.