ಕಟ್ಟುನೀರು

ಇರುವುದು ಒಂದೇ ಫೆಲೋಶಿಪ್ಪು, ಮೂರು ವರ್ಷಕ್ಕೆ.
ಬೆಂಚಿನ ಮೇಲೆ ನಾವು ನಾಲ್ಕು ಜನ.
ಗಂಗೋತ್ರಿಯ ಏಪ್ರಿಲ್ಲು, ಕೈಯಲ್ಲಿನ್ನೂ
ಜೆರಾಕ್ಸ್ ಹಾಳೆಯ ಬಿಸಿ.

ಪಕ್ಕದ ನಾಜ್ನೀನ್ ಗಂಜಾಮಿನವಳು,
ಊರಿನ ಅಂಜೂರದ ತೋಟಗಳು
ಎಲ್ಲಿ ಹೋದವೆಂದು ಹುಡುಕುತ್ತಾಳಂತೆ.
ನನ್ನದು ನೀರುಗಂಟಿಗಳ ಮಾತು:
ತೂಬು, ಬಸಿಗಾಲುವೆ, ಒಸರು, ಪಸೆ...
ಇನ್ನೂರ ಹದಿನಾಲ್ಕು ಪದ, ಮೂರು ನೋಟ್‌ಬುಕ್ಕು,
ಒಂದರ ರಟ್ಟಿನ ಮೇಲೆ ಚಿಕ್ಕಪ್ಪನ ಬೀಡಿ ಸುಟ್ಟ ಗುರುತು.

ಗೋಂದು ಮರೆತು ಬಂದಿದ್ದೆ. ಫೋಟೋ ಅಂಟಿಸಲು
ಅವಳೇ ಡಬ್ಬಿ ಬಿಚ್ಚಿ ನಾಲ್ಕು ಅಗುಳು ಅನ್ನ ಕೊಟ್ಟಳು.

ಒಳಗೆ ಕೇಳಿದರು: "ಇದರಿಂದ ಸಮಾಜಕ್ಕೇನಮ್ಮ ಉಪಯೋಗ?"
ಸಿನಾಪ್ಸಿಸ್ಸಿನ ಆರನೇ ಪುಟದಲ್ಲಿದ್ದ ಉತ್ತರ
ಬಾಯಿಗೆ ಬರಲಿಲ್ಲ.
"ಪಸೆ ಅಂದ್ರೆ ಬರೀ ತೇವ ಅಲ್ಲ ಸಾರ್," ಅಂದೆ,
"ನೀರು ಹೋದ ಮೇಲೂ ಮಣ್ಣು
ಬಿಟ್ಟುಕೊಡದೆ ಇಟ್ಟುಕೊಂಡಿದ್ದು."
ಒಬ್ಬರು ಬರೆದುಕೊಂಡರು.
ಇನ್ನೊಬ್ಬರು ಗಡಿಯಾರ ನೋಡಿದರು.

ಹೊರಗೆ, ಎರಡನೇ ವರ್ಷದ ಚೆಲುವರಾಜಣ್ಣ ನಕ್ಕ:
"ಸಿಕ್ಕಿದ್ರೂ ತಿಂಗಳು ತಿಂಗಳು ಬತ್ತದೆ ಅನ್ಕೋಬ್ಯಾಡ ತಾಯಿ.
ಏಳು ತಿಂಗಳು ಒಣಗಿಸಿ ಒಟ್ಟಿಗೇ ಬಿಡ್ತಾರೆ,
ಅಷ್ಟರಲ್ಲಿ ಮೆಸ್ಸಿನ ಸಾಲ ಎದೆಮಟ್ಟ."
ಕಟ್ಟುನೀರು, ಅಂದುಕೊಂಡೆ.
ನಾವು ಮಳವಳ್ಳಿ ಕಡೆಯವರು, ನಾಲೆಯ ಕೊನೆ;
ಸರದಿ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ.
ಮೇಲಿನ ಗದ್ದೆಯವರು ನಡುರಾತ್ರಿ
ತೂಬು ತಿರುಗಿಸುವುದೂ ಗೊತ್ತು.

ನಾಜ್ನೀನಳ ಹೆಸರು ಕೂಗಿದರು.
ಎದ್ದಳು, ಚಪ್ಪಲಿಯ ಉಂಗುಷ್ಠ ಕಿತ್ತುಬಂತು.
ನನ್ನದನ್ನೇ ಮೆಟ್ಟಿಕೊಂಡು ಒಳಹೋದಳು.
ಬರಿಗಾಲಲ್ಲಿ ಕಾಯುತ್ತ ನಿಂತೆ.
ಆಗಲೇ ಯಾರೋ ಒರೆಸಿ ಹೋದ ನೆಲ
ಅಂಗಾಲಿಗೆ ತಣ್ಣಗೆ.